ಯಲಹಂಕ ಉಪನಗರಕ್ಕೆ ಸಂಸಾರ ತರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ರಸ್ತೆಯ ಯಾವುದಾದರೂ ಗೇಟಿಗೆ ‘ಮನೆ ಬಾಡಿಗೆಗಿದೆ’ ಅಂತ ಬೋರ್ಡು ಬಿದ್ದರೆ ಆ ವಾರ ನಮ್ಮ ಮನೆ ಬೆಲ್ಲೂ ನಾಲ್ಕಾರು ಸಲ ಹೊಡೆಯುತ್ತದೆ. ಮನೆ ನೋಡಲು ಬಂದವರು ಪಕ್ಕದವರನ್ನು ಒಂದು ಮಾತು ಕೇಳಿಯೇ ಹೋಗುತ್ತಾರೆ. ಕೇಳಬೇಕಾದ್ದೇ. ಗಂಡ, ಹೆಂಡತಿ, ಕಂಕುಳಲ್ಲಿ ಮಗು, ಕೆಲವೊಮ್ಮೆ ಜೊತೆಗೆ ಅಜ್ಜಿ. ‘ಆಂಟಿ, ಏರಿಯಾ ಹೇಗೆ?’ ಅಂತ ಶುರುವಾದ ಮಾತು ಅರ್ಧ ಗಂಟೆ ನಡೆಯುತ್ತದೆ. ಇಪ್ಪತ್ತು ವರ್ಷದ ಮೇಲಾಯಿತು ನಾವು ಇಲ್ಲಿಗೆ ಬಂದು. ಇಬ್ಬರು ಮಕ್ಕಳು ಇಲ್ಲೇ ಬೆಳೆದರು. ಗೇಟಿನ ಬಳಿ ನಿಂತು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಯಲಹಂಕ, ಯಲಹಂಕ ಉಪನಗರ ಎರಡೂ ಒಂದೇನಾ?

ಅಲ್ಲ. ಯಲಹಂಕ ಹಳೇ ಊರು. ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ವಂಶದವರು. ಬೆಂಗಳೂರಿನ ಕೋಟೆ ಎದ್ದದ್ದು 1537ರಲ್ಲಿ. ಅದಕ್ಕೂ ಮೊದಲೇ ಇದ್ದ ಊರು ಇದು. ಉಪನಗರ ಅನ್ನುವುದು ಆಮೇಲೆ ಕರ್ನಾಟಕ ಗೃಹ ಮಂಡಳಿ ಕಟ್ಟಿದ ಬಡಾವಣೆ. ಬಸ್ಸಿನವರು ಇದನ್ನು ‘ನ್ಯೂ ಟೌನ್’ ಅನ್ನುತ್ತಾರೆ, ಆ ಕಡೆಯದು ‘ಓಲ್ಡ್ ಟೌನ್’. ಆಟೊ ಹತ್ತುವಾಗ ಸುಮ್ನೆ ‘ಯಲಹಂಕ’ ಅಂದರೆ ಎಲ್ಲೋ ಇಳಿಸಿಬಿಡುತ್ತಾರೆ. ಎ ಸೆಕ್ಟರೋ ಬಿ ಸೆಕ್ಟರೋ ನಾಲ್ಕನೇ ಹಂತವೋ, ಅದನ್ನೂ ಸೇರಿಸಿ ಹೇಳಿ.

2007ರ ತನಕ ಇಲ್ಲಿ ಬೇರೆಯದೇ ನಗರಸಭೆ ಇತ್ತು. ಆ ವರ್ಷ ಬಿಬಿಎಂಪಿಗೆ ಸೇರಿತು. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದಾಗ ನಾವು ಬೆಂಗಳೂರು ಉತ್ತರಕ್ಕೆ ಬಂದೆವು. ಬೋರ್ಡು ಎಷ್ಟು ಬದಲಾದರೂ ಇಲ್ಲಿನ ಹಳಬರು ಮೆಜೆಸ್ಟಿಕ್ ಕಡೆ ಹೊರಟರೆ ಈಗಲೂ ‘ಬೆಂಗಳೂರಿಗೆ ಹೋಗಿ ಬರ್ತೀನಿ’ ಅಂತಲೇ ಹೇಳುತ್ತಾರೆ.

ವಿಳಾಸದಲ್ಲಿ ಎಲ್‌ಐಜಿ, ಎಂಐಜಿ, ಎಚ್‌ಐಜಿ ಅಂತ ಯಾಕಿದೆ?

ಗೃಹ ಮಂಡಳಿಯವರು ಆದಾಯ ನೋಡಿ ಮನೆ ಹಂಚುತ್ತಿದ್ದರು. ಕಡಿಮೆ ಆದಾಯದವರಿಗೆ ಎಲ್‌ಐಜಿ, ಮಧ್ಯಮ ಆದಾಯದವರಿಗೆ ಎಂಐಜಿ, ಅದಕ್ಕಿಂತ ಜಾಸ್ತಿ ಇದ್ದವರಿಗೆ ಎಚ್‌ಐಜಿ. ಆ ಹೆಸರುಗಳೇ ವಿಳಾಸದಲ್ಲಿ ಉಳಿದುಕೊಂಡವು. ಈಗ ಎಲ್‌ಐಜಿಯಲ್ಲೂ ಮೂರು ಅಂತಸ್ತಿನ ಮನೆ ಕಾಣುತ್ತೀರಿ, ಎಚ್‌ಐಜಿಯಲ್ಲೂ ಹೆಂಚು ಬದಲಾಯಿಸದ ಹಳೇ ಮನೆ ಕಾಣುತ್ತೀರಿ.

ನನಗೆ ಈ ವ್ಯವಸ್ಥೆಯ ಬಗ್ಗೆ ಒಂದು ಗೌರವ ಇದೆ. ಗುಮಾಸ್ತರ ಮನೆ, ಮೇಷ್ಟ್ರ ಮನೆ, ಎಂಜಿನಿಯರ್ ಮನೆ ಎಲ್ಲ ಒಂದೇ ಬಡಾವಣೆಯಲ್ಲಿ ನಡೆದು ಹೋಗುವಷ್ಟು ಹತ್ತಿರ ಬಂದವು. ಮಕ್ಕಳು ಒಂದೇ ಪಾರ್ಕಿನಲ್ಲಿ ಆಡಿದವು. ಈಗ ಸುತ್ತಮುತ್ತ ಬರುತ್ತಿರುವ ದೊಡ್ಡ ಗೇಟಿನ ಲೇಔಟುಗಳಲ್ಲಿ ಒಂದೇ ಸಂಬಳದವರು ಮಾತ್ರ ಇರುತ್ತಾರೆ. ಮಕ್ಕಳನ್ನು ಬೆಳೆಸಲು ನನಗೆ ನಮ್ಮದೇ ಇಷ್ಟ.

ಚಿಕ್ಕ ಮಕ್ಕಳಿದ್ದಾರೆ. ನಮಗೆ ಸರಿಹೋಗುತ್ತಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಅದಕ್ಕೆ ನಾನು ಒಂದೇ ಮಾತು ಹೇಳುತ್ತೇನೆ: ಮನೆಯನ್ನು ಬೆಳಿಗ್ಗೆ ನೋಡಿದ್ದರೆ ಸಂಜೆ ಐದೂವರೆಗೆ ಇನ್ನೊಮ್ಮೆ ಬನ್ನಿ. ಒಳಗೆ ಹೋಗಬೇಡಿ, ರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲಿ. ವಾರ್ಡ್‌ರೋಬ್, ಮಾಡ್ಯುಲರ್ ಕಿಚನ್ ಎಲ್ಲ ಆಮೇಲೂ ಹಾಕಿಸಿಕೊಳ್ಳಬಹುದು. ರಸ್ತೆಯನ್ನು ಹಾಕಿಸಿಕೊಳ್ಳಲು ಆಗಲ್ಲ.

ಒಳ್ಳೇ ರಸ್ತೆಯಾದರೆ ಆ ಹೊತ್ತಿಗೆ ಇಷ್ಟು ಕಾಣಿಸುತ್ತದೆ. ಯಾರೋ ಗೇಟಿನ ಮುಂದೆ ನೀರು ಹಾಕುತ್ತಿರುತ್ತಾರೆ. ಮೋರಿ ಮೇಲಿನ ಚಪ್ಪಡಿಯ ಮೇಲೆ ಇಬ್ಬರು ಅಜ್ಜಂದಿರು ಕೂತಿರುತ್ತಾರೆ. ಸೊಪ್ಪಿನ ಗಾಡಿ ನಿಂತಿರುತ್ತದೆ. ಸುತ್ತ ಮೂರ್ನಾಲ್ಕು ಹೆಂಗಸರು, ಒಬ್ಬರ ಕೈಯಲ್ಲಿ ದಂಟು, ಇನ್ನೊಬ್ಬರ ಕೈಯಲ್ಲಿ ಸಬ್ಬಸಿಗೆ, ಚೌಕಾಸಿಗಿಂತ ಮಾತೇ ಜಾಸ್ತಿ. ಮಕ್ಕಳು ಎರಡು ಇಟ್ಟಿಗೆ ಇಟ್ಟುಕೊಂಡು ಕ್ರಿಕೆಟ್ ಆಡುತ್ತಿರುತ್ತವೆ. ಕಾರು ಬಂದರೆ ಒಬ್ಬ ಕೂಗುತ್ತಾನೆ, ಇಟ್ಟಿಗೆ ಸರಿಯುತ್ತವೆ, ಕಾರು ದಾಟಿದ ಮೇಲೆ ಮತ್ತೆ ಬರುತ್ತವೆ. ಕಾರಿನವರು ಹಾರ್ನ್ ಹೊಡೆಯದೆ ಕಾದರೆ ಅದು ಮಕ್ಕಳಿರುವ ರಸ್ತೆ ಅಂತ ತಿಳಿಯಿರಿ.

ನಮ್ಮ ಚಿಕ್ಕವನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯ ವ್ಯಾನು ಅವನನ್ನು ತಪ್ಪು ಕ್ರಾಸಿನಲ್ಲಿ ಇಳಿಸಿ ಹೋಯಿತು. ನಾನು ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಓಡಿ ಬಂದು ನೋಡಿದರೆ ಅವನು ಎರಡು ರಸ್ತೆ ಆಚೆ, ಬಟ್ಟೆ ಇಸ್ತ್ರಿ ಮಾಡುವವರ ಗಾಡಿಯ ನೆರಳಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಅವರು ಅವನ ಗುರುತು ಹಿಡಿದಿದ್ದರು: ‘ಈ ಹುಡುಗನ ಯೂನಿಫಾರ್ಮು ನಾನೇ ಅಲ್ವೇನಮ್ಮ ಇಸ್ತ್ರಿ ಮಾಡೋದು’ ಅಂದರು. ಆ ಸಂಜೆ ನೆನಪಾದರೆ ಈಗಲೂ ಗಂಟಲು ಕಟ್ಟುತ್ತದೆ. ರಸ್ತೆಯಲ್ಲಿ ಜನ ಇರಬೇಕು, ಅವರಿಗೆ ನಮ್ಮ ಮಕ್ಕಳ ಮುಖ ಗೊತ್ತಿರಬೇಕು. ಸಿಸಿಟಿವಿ ಇದೆಯಾ ಅಂತ ಕೇಳುವವರಿಗೂ ನಾನು ಇದನ್ನೇ ಹೇಳುತ್ತೇನೆ.

ನೀರಿನ ಕಥೆ ಏನು?

ಕಾವೇರಿ ನೀರು ಬರುವ ಮನೆ, ಬೋರಿನ ನೀರಿನ ಮನೆ, ಎರಡೂ ಇರುವ ಮನೆ, ಮೂರೂ ತರಹ ಇಲ್ಲಿವೆ. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಪಂಪಾಗಿ ಬರುವ ನೀರು. ಅದಕ್ಕೇ ದಿನಾ ಇಪ್ಪತ್ನಾಲ್ಕು ಗಂಟೆ ಬರುತ್ತದೆ ಅಂತ ನಿರೀಕ್ಷೆ ಬೇಡ. ನೀರು ಬಿಡುವ ದಿನ, ಹೊತ್ತು ರಸ್ತೆ ರಸ್ತೆಗೂ ಬೇರೆ. ನಮ್ಮಲ್ಲಿ ವರ್ಷಗಟ್ಟಲೆ ನಸುಕಿನಲ್ಲಿ ಬಂದಿದೆ. ವಾಲ್ವ್‌ಮನ್ ಉದ್ದನೆಯ ಕಬ್ಬಿಣದ ಕೀಲಿ ಹಾಕಿ ತಿರುಗಿಸುವ ಸದ್ದು, ಆಮೇಲೆ ಪೈಪಿನಲ್ಲಿ ಮೊದಲು ಬರೀ ಗಾಳಿ ಬುಸ್ ಅನ್ನುವುದು, ಆಮೇಲೆ ನೆಲದಡಿಯ ಸಂಪಿನೊಳಗೆ ನೀರು ಬಿದ್ದ ಸದ್ದು. ಆ ಮೂರನೇ ಸದ್ದು ಕೇಳಿದ ಮೇಲೆಯೇ ನಮ್ಮತ್ತೆ ಮತ್ತೆ ಮಗ್ಗಲು ಬದಲಿಸುತ್ತಿದ್ದರು.

ಮನೆ ನೋಡುವಾಗ ‘ನೀರು ಇದೆಯಾ?’ ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಹೀಗೆ ಕೇಳಿ: ಸಂಪು ಎಷ್ಟು ಲೀಟರಿನದು? ಎಷ್ಟು ಮನೆಗೆ ಒಂದು ಸಂಪು? ಹೋದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ, ದುಡ್ಡು ಯಾರು ಕೊಟ್ಟರು? ಮೂರನೇ ಪ್ರಶ್ನೆಗೆ ಓನರ್ ತಡವರಿಸಿದರೆ ಮೇಲಿನ ಮನೆಯವರನ್ನು ಕೇಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಬೋರುಗಳು ಸಾಲಾಗಿ ಬತ್ತಿದಾಗ ಟ್ಯಾಂಕರ್ ಫೋನೇ ಎತ್ತುತ್ತಿರಲಿಲ್ಲ. ನಾವು ಮುಂಗಡ ಕೊಟ್ಟ ಒಬ್ಬ ಟ್ಯಾಂಕರಿನವನು ಜಾಸ್ತಿ ರೇಟು ಕೊಟ್ಟ ಬೇರೆಯವರ ಮನೆಗೆ ಸುರಿದು ಹೋದ. ಆ ಎರಡು ದಿನ ಎದುರು ಮನೆಯವರು ಅವರ ಸಂಪಿನಿಂದ ನಮಗೆ ಪೈಪು ಎಳೆದುಕೊಟ್ಟರು.

ಮಳೆನೀರು ಕೊಯ್ಲು ಇದೆಯಾ ನೋಡಿ. ಜಲಮಂಡಳಿ ನಿಯಮದ ಪ್ರಕಾರ 30×40 ಸೈಟಿನಲ್ಲಿ ಹೊಸದಾಗಿ ಕಟ್ಟಿದ ಮನೆಗೆ, 40×60 ಸೈಟಿನ ಹಳೇ ಮನೆಗೆ ಅದು ಕಡ್ಡಾಯ. ಪೈಪು ಇಳಿಬಿಟ್ಟು ಮೋರಿಗೆ ಸೇರಿಸಿದ್ದರೆ ಅದು ಕೊಯ್ಲಲ್ಲ. ಫಿಲ್ಟರ್ ಎಲ್ಲಿದೆ, ಇಂಗುಗುಂಡಿ ಎಲ್ಲಿದೆ ತೋರಿಸಲು ಹೇಳಿ. ನಾವು ಮಾಡಿಸಿದ ಮೇಲೆ ಮಳೆಗಾಲದಲ್ಲಿ ಬಟ್ಟೆ ಒಗೆಯಲು, ಗಿಡಕ್ಕೆ, ನೆಲ ಒರೆಸಲು ಬೇರೆ ನೀರು ಮುಟ್ಟಿಲ್ಲ.

ಜೋರು ಮಳೆ ಬಂದರೆ ಮನೆಗೆ ನೀರು ನುಗ್ಗುತ್ತಾ?

ಎಲ್ಲಿ ಅನ್ನುವುದರ ಮೇಲೆ. ಯಲಹಂಕದ ಸುತ್ತ ಕೆರೆ ಜಾಸ್ತಿ: ಯಲಹಂಕ ಕೆರೆ, ಪುಟ್ಟೇನಹಳ್ಳಿ ಕೆರೆ, ಅಳ್ಳಾಲಸಂದ್ರ, ಜಕ್ಕೂರು. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು ಮುಂದಿನದಕ್ಕೆ ಹೋಗುವ ಹಾಗೆ ಹಿಂದಿನವರು ಮಾಡಿದ್ದರು. ಹಾಗೆ ನೀರು ಹರಿಯುವ ರಾಜಕಾಲುವೆಯ ದಾರಿಯಲ್ಲಿ ಮನೆ ಎದ್ದರೆ ನೀರಿಗೆ ಬೇರೆ ದಾರಿ ಎಲ್ಲಿದೆ? 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದು ಕೆಳಗಿನ ದೊಡ್ಡ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. 2024ರ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಮತ್ತೆ ಅದೇ ಆಯಿತು. ಅಲ್ಲಿದ್ದ ವಯಸ್ಸಾದವರು ಪಟ್ಟ ಪಾಡು ನೆನೆದರೆ ಸಂಕಟವಾಗುತ್ತದೆ.

ಆದ್ದರಿಂದ ಮನೆ ನೋಡುವಾಗ ರಸ್ತೆ ಎತ್ತ ಇಳಿಯುತ್ತದೆ ನೋಡಿ. ಕಾಂಪೌಂಡ್ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಮಣ್ಣಿನ ಗೆರೆ, ಅಲ್ಲಿಂದ ಕೆಳಗೆ ಮಾತ್ರ ಹೊಸ ಪೇಂಟು ಇದ್ದರೆ ಕಾರಣ ಕೇಳಿ. ಹತ್ತಿರದ ದಿನಸಿ ಅಂಗಡಿಯವರಿಗೆ ಎಲ್ಲ ಗೊತ್ತಿರುತ್ತದೆ. ಅವರ ಅಕ್ಕಿ ಮೂಟೆ ನೆನೆದ ವರ್ಷ ಅವರು ಮರೆಯಲ್ಲ.

ವಿಮಾನದ ಸದ್ದು ತಡೆದುಕೊಳ್ಳಬಹುದಾ?

ಪಕ್ಕದಲ್ಲೇ ವಾಯುಪಡೆಯ ನೆಲೆ ಇದೆ. ತರಬೇತಿ ವಿಮಾನಗಳು ಹಾರುತ್ತಿರುತ್ತವೆ. ಒಂದು ತಿಂಗಳಲ್ಲಿ ಕಿವಿಗೆ ರೂಢಿಯಾಗುತ್ತದೆ. ರೂಢಿಯಾಗದ್ದು ಏರೋ ಇಂಡಿಯಾ ಮಾತ್ರ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಈ ಪ್ರದರ್ಶನ ಹೋದ ಸಲ ನಡೆದದ್ದು 2025ರ ಫೆಬ್ರವರಿಯಲ್ಲಿ. ಒಂದು ವಾರ ಮೊದಲೇ ತಾಲೀಮು ಶುರುವಾಗುತ್ತದೆ. ಫೈಟರ್ ಜೆಟ್ ತಲೆ ಮೇಲೆ ಹೋದಾಗ ಕಿಟಕಿ ಗಾಜು ನಡುಗುತ್ತದೆ, ನಾಯಿಗಳು ಮಂಚದ ಕೆಳಗೆ ಸೇರುತ್ತವೆ. ಎಳೆ ಮಗು ಇದ್ದರೆ ಆ ದಿನಗಳಲ್ಲಿ ತಾಯಿ ಮನೆಗೆ ಹೋಗಿ ಬನ್ನಿ ಅಂತಲೇ ನಾನು ಹೇಳುವುದು. ಸ್ವಲ್ಪ ದೊಡ್ಡ ಮಕ್ಕಳಿಗೆ ಹಬ್ಬ. ಎಲ್ಲ ಟೆರೇಸಿನ ಮೇಲೂ ಜನ. ಪುರಿ ಡಬ್ಬ, ಕಿತ್ತಳೆ ಹಣ್ಣು, ಆಕಾಶದ ಕಡೆ ಮುಖ.

2019ರ ತಾಲೀಮಿನಲ್ಲಿ ವಾಯುಪಡೆಯ ಸಾಹಸ ಹಾರಾಟದ ಸೂರ್ಯಕಿರಣ್ ತಂಡದ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಆ ಹೊಗೆಯನ್ನು ಇಲ್ಲಿನ ಮನೆಗಳ ಮೇಲಿಂದಲೇ ನೋಡಿದವರಿದ್ದಾರೆ. ಅಂದಿನಿಂದ ವಿಮಾನಗಳು ಹತ್ತಿರ ಹತ್ತಿರ ಹಾರಿದಾಗ ಚಪ್ಪಾಳೆಗೂ ಮೊದಲು ಒಂದು ಕ್ಷಣ ಉಸಿರು ಹಿಡಿಯುತ್ತೇನೆ.

ಏರ್ ಶೋ ಸಮಯದಲ್ಲಿ ಮಾಂಸದ ಅಂಗಡಿ ಮುಚ್ಚುತ್ತಾರಂತೆ?

ನಿಜ. ಮಾಂಸದ ತುಂಡಿಗೆ ಹದ್ದು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅಪಾಯ. 2023ರಲ್ಲಿ ನೆಲೆಯಿಂದ 10 ಕಿಲೋಮೀಟರ್ ಸುತ್ತ, 2025ರಲ್ಲಿ 13 ಕಿಲೋಮೀಟರ್ ಸುತ್ತ ಮಾಂಸ ಮಾರುವ ಹಾಗಿರಲಿಲ್ಲ. ಮೂರು ವಾರಕ್ಕೂ ಜಾಸ್ತಿ. ನಮಗೆ ಒಂದಷ್ಟು ದಿನ ಕೋಳಿ ಸಾರು ತಪ್ಪುತ್ತದೆ ಅಷ್ಟೆ. ಅಂಗಡಿಯವರಿಗೆ ಹೊಟ್ಟೆಪಾಡು. ಅದಕ್ಕೆ ಪರಿಹಾರ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಓಡಾಡುವುದು ಕಷ್ಟವಾ?

ಮೆಜೆಸ್ಟಿಕ್ ಸುಮಾರು 16 ಕಿಲೋಮೀಟರ್, ವಿಮಾನ ನಿಲ್ದಾಣ ಸುಮಾರು 20. ವಿಮಾನ ನಿಲ್ದಾಣದ ಕಡೆ, ಮಾನ್ಯತಾ ಟೆಕ್ ಪಾರ್ಕ್ ಕಡೆ ಕೆಲಸ ಇದ್ದರೆ ಈ ಜಾಗ ಒಪ್ಪುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಬೇಕಾದರೆ ಬೇಡ ಅಂತ ನೇರವಾಗಿ ಹೇಳುತ್ತೇನೆ. ಹೆಬ್ಬಾಳದ ಮೇಲ್ಸೇತುವೆ ದಾಟುವ ಹೊತ್ತಿಗೇ ಅರ್ಧ ಜೀವ ಹೋಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಬರುವ ಅಪ್ಪನಿಗೆ ಸಂಜೆಯ ರಸ್ತೆ ಸಿಗುವುದಿಲ್ಲ ಅಲ್ವಾ?

ರೈಲನ್ನು ಮರೆಯಬೇಡಿ. ಯಲಹಂಕ ಜಂಕ್ಷನ್ನು. ಯಶವಂತಪುರದ ಕಡೆ, ಚನ್ನಸಂದ್ರದ ಕಡೆ, ದೊಡ್ಡಬಳ್ಳಾಪುರ-ಹಿಂದೂಪುರದ ಕಡೆ, ದೇವನಹಳ್ಳಿ-ಚಿಕ್ಕಬಳ್ಳಾಪುರದ ಕಡೆ ಹಳಿ ಹೋಗುತ್ತವೆ. ವೇಳೆ ಹೊಂದಿದರೆ ಇದಕ್ಕಿಂತ ಅಗ್ಗ, ನಿರಾಳ ಬೇರೆ ಇಲ್ಲ. ಬಿಎಂಟಿಸಿ ಸಾಮಾನ್ಯ ಬಸ್ಸು ಬೇಕಾದಷ್ಟಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಆ ಉಳಿತಾಯದಲ್ಲಿ ಮಗಳಿಗೆ ಟ್ಯೂಷನ್ ಹಾಕಿಸಿದರು. ವಿಮಾನ ನಿಲ್ದಾಣದ ಮೆಟ್ರೊ ಮಾರ್ಗ ಯಲಹಂಕದ ಮೇಲೆ ಬಳ್ಳಾರಿ ರಸ್ತೆಯಲ್ಲೇ ಹೋಗುತ್ತದೆ, ಕೆಲಸ ನಡೆದಿದೆ. ಅದು ಬರುತ್ತದೆ ಅಂತ ಬ್ರೋಕರ್ ಈಗಲೇ ಜಾಸ್ತಿ ಬಾಡಿಗೆ ಕೇಳಿದರೆ ಒಪ್ಪಬೇಡಿ.

ಶಾಲೆಗಳು?

ಬೇಕಾದಷ್ಟಿವೆ. ಕೇಂದ್ರ ಸರ್ಕಾರದ ಕೆಲಸದವರು ಖಂಡಿತ ಕೇಂದ್ರೀಯ ವಿದ್ಯಾಲಯ ನೋಡಿ. ಯಲಹಂಕದಲ್ಲೇ ಮೂರಿವೆ: ರೈಲು ಗಾಲಿ ಕಾರ್ಖಾನೆ, ವಾಯುಪಡೆ ನೆಲೆ, ಸಿಆರ್‌ಪಿಎಫ್ ಆವರಣ. ಉಳಿದವರಿಗೆ ನನ್ನ ಸಲಹೆ, ನಡೆದು ಹೋಗುವಷ್ಟು ಹತ್ತಿರದ ಶಾಲೆ. ಹೆಸರಿಗೆ ಆಸೆಪಟ್ಟು ದೊಡ್ಡವಳನ್ನು ನಾವು ದೂರದ ಶಾಲೆಗೆ ಹಾಕಿ ಎರಡು ವರ್ಷ ದಿನಾ ಎರಡೂವರೆ ಗಂಟೆ ವ್ಯಾನಿನಲ್ಲಿ ಕೂರಿಸಿದೆವು. ಸಂಜೆ ಬಂದವಳು ಬೂಟು ಬಿಚ್ಚದೆ ಸೋಫಾದ ಮೇಲೆ ನಿದ್ದೆ ಹೋಗುತ್ತಿದ್ದಳು. ಬಿಡಿಸಿ ಹತ್ತಿರದ್ದಕ್ಕೆ ಹಾಕಿದ ಮೇಲೆ ಅವಳಿಗೆ ಆಟವೂ ಬಂತು, ಮಾತೂ ಬಂತು.

ನಮಗೆ ಕನ್ನಡ ಅಷ್ಟಾಗಿ ಬರಲ್ಲ. ಹೊಂದಿಕೊಳ್ಳಬಹುದಾ?

ಈ ಪ್ರಶ್ನೆಯನ್ನು ಅರ್ಧ ಕನ್ನಡದಲ್ಲೇ ಕೇಳುತ್ತಾರೆ, ನನಗೆ ಅದು ಬಹಳ ಇಷ್ಟ. 1984ರಲ್ಲಿ ಗಾಲಿ ಕಾರ್ಖಾನೆ ಶುರುವಾಯಿತು. ಅದರ ಜೊತೆ, ವಾಯುಪಡೆ, ಬಿಎಸ್‌ಎಫ್, ಸಿಆರ್‌ಪಿಎಫ್ ಜೊತೆ ದೇಶದ ಎಲ್ಲ ಕಡೆಯ ಜನ ಇಲ್ಲಿಗೆ ಬಂದರು. ನಿವೃತ್ತಿಯಾದ ಮೇಲೆ ಎಷ್ಟೋ ಮಂದಿ ಇಲ್ಲೇ ಮನೆ ಮಾಡಿದರು. ನಮ್ಮ ಹಿಂದಿನ ರಸ್ತೆಯ ಬಂಗಾಳಿ ಅಮ್ಮ ಹಾಲಿನವರ ಜೊತೆ, ಹೂವಿನವರ ಜೊತೆ ಕನ್ನಡದಲ್ಲೇ ಜಗಳ ಆಡುತ್ತಾರೆ. ಅಂಗಡಿಯಲ್ಲಿ ದಿನಾ ಎರಡು ಮಾತು ಕನ್ನಡದಲ್ಲಿ ಆಡಿ. ತಪ್ಪಾದರೆ ಯಾರೂ ನಗಲ್ಲ, ತಿದ್ದುತ್ತಾರೆ. ಮಕ್ಕಳಂತೂ ಕ್ರಿಕೆಟ್ ಆಡುತ್ತಾ ಮೂರು ತಿಂಗಳಲ್ಲಿ ಕಲಿತುಬಿಡುತ್ತವೆ.

ಬಾಡಿಗೆ ಮಾತಾಡುವಾಗ ಏನು ಗಮನಿಸಬೇಕು?

ಅಡ್ವಾನ್ಸ್ ಎಷ್ಟು ಅನ್ನುವುದಕ್ಕಿಂತ ಬಿಡುವಾಗ ಅದರಲ್ಲಿ ಏನೇನು ಹಿಡಿಯುತ್ತಾರೆ ಅನ್ನುವುದು ಮುಖ್ಯ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿ ರೂಢಿ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಅದನ್ನು ಬರೆಸಿ. ಬಂದ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದು ಓನರಿಗೆ ಕಳಿಸಿ. ಗೃಹಜ್ಯೋತಿ ಬೇಕಾದರೆ ಹಿಂದಿನ ಬಾಡಿಗೆಯವರು ಅವರ ಆಧಾರ್ ಜೋಡಣೆ ತೆಗೆಸಿದ್ದಾರಾ ಕೇಳಿ, ಇಲ್ಲದಿದ್ದರೆ ನಿಮ್ಮ ಹೆಸರಿಗೆ ಆಗುವುದಿಲ್ಲ. ಭೋಗ್ಯಕ್ಕೆ ಮನೆ ಹಾಕಿಕೊಳ್ಳುವುದಾದರೆ ಮನೆ ನಿಜವಾಗಿ ಯಾರ ಹೆಸರಲ್ಲಿದೆ, ಬ್ಯಾಂಕಿನಲ್ಲಿ ಅಡವಿದೆಯಾ ಅಂತ ಇಸಿ (ಋಣಭಾರ ಪತ್ರ) ತೆಗೆಸಿ ನೋಡದೆ ಒಂದು ರೂಪಾಯಿ ಕೊಡಬೇಡಿ. ಕೈಲಿದ್ದ ಉಳಿತಾಯವೆಲ್ಲ ಕೊಟ್ಟು ಬೀದಿಗೆ ಬಂದ ಒಂದು ಸಂಸಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊಂಡುಕೊಳ್ಳುವುದಾದರೆ?

ವಕೀಲರಿಗೆ ತೋರಿಸಿ. ಗೃಹ ಮಂಡಳಿಯ ಮನೆಯಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಮಂಡಳಿ ಮಾಡಿಕೊಟ್ಟ ಕ್ರಯಪತ್ರ ಮೂರೂ ಬೇಕು. ಮೊದಲು ಮನೆ ಪಡೆದವರು ತೀರಿಕೊಂಡಿದ್ದರೆ ವಂಶವೃಕ್ಷದಲ್ಲಿರುವ ಎಲ್ಲರ ಸಹಿ ಬೇಕು. ಇಲ್ಲಿ ತಡವಾಗುವುದು ಸಾಮಾನ್ಯವಾಗಿ ಇದಕ್ಕೇ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆ ಈಗ ನೋಂದಣಿ ಆಗುವುದಿಲ್ಲ.

ಅಪ್ಪ ಅಮ್ಮ ಜೊತೆಗಿದ್ದಾರೆ. ಅವರಿಗೆ?

ಅವರಿಗೆ ಇನ್ನೂ ಚೆನ್ನಾಗಿದೆ, ನೆಲಮಹಡಿ ಸಿಕ್ಕರೆ. ಬೆಳಿಗ್ಗೆ ಪಾರ್ಕಿನಲ್ಲಿ ಅವರ ವಯಸ್ಸಿನವರದೇ ಗುಂಪು ಇರುತ್ತದೆ. ನಮ್ಮತ್ತೆ ಹಾಸನದ ಹಳ್ಳಿಯಿಂದ ಬಂದಾಗ ಆರು ತಿಂಗಳು ಬಾಗಿಲ ಹೊರಗೆ ಕಾಲಿಡಲಿಲ್ಲ. ಆಮೇಲೆ ಹೂ ಬಿಡಿಸಲು ಹೋದ ಕಡೆ ಅವರ ಊರಿನ ಪಕ್ಕದವರೇ ಸಿಕ್ಕರು. ಅಂದಿನಿಂದ ಐದು ಗಂಟೆಗೆ ಅವರು ಮನೆಯಲ್ಲಿ ಇರುತ್ತಿದ್ದದ್ದೇ ಕಮ್ಮಿ. ಫುಟ್‌ಪಾತ್ ಮಾತ್ರ ಹಾಳಾಗಿದೆ, ಚಪ್ಪಡಿ ಅಲ್ಲಾಡುತ್ತವೆ, ಕೋಲು ಕೊಡಿಸಿ. ಯಲಹಂಕದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಖಾಸಗಿಯವೂ ಇವೆ. ಫ್ರಿಜ್ಜಿನ ಮೇಲೆ ದೊಡ್ಡ ಅಕ್ಷರದಲ್ಲಿ ತುರ್ತಿಗೆ 112, ಕರೆಂಟಿಗೆ 1912, ನೀರಿಗೆ 1916 ಅಂತ ಬರೆದು ಅಂಟಿಸಿ.

ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ದೂರ ಬೇಡ. ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಮಾಡಿದ್ದಾರೆ. ಬೆಳಿಗ್ಗೆ ಏಳರೊಳಗೆ ಹೋಗಿ. ಹಾವಕ್ಕಿ ಮುಳುಗಿ ಎದ್ದು, ಒಣಗಿದ ಮರದ ಮೇಲೆ ರೆಕ್ಕೆ ಎರಡೂ ಅಗಲಿಸಿ ಬಿಸಿಲಿಗೆ ಹಿಡಿದು ಕೂರುವುದನ್ನು ಮಗುವಿಗೆ ಒಮ್ಮೆ ತೋರಿಸಿ. ನಮ್ಮ ಚಿಕ್ಕವನು ‘ಅಮ್ಮಾ, ಬಟ್ಟೆ ಒಣಗಿ ಹಾಕಿದೆ’ ಅಂದಿದ್ದ. ನವೆಂಬರಿನಲ್ಲಿ ಜಿಕೆವಿಕೆಯ (ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಮೇಳ ತಪ್ಪಿಸಬೇಡಿ. ಪಟ್ಟಣದಲ್ಲಿ ಹುಟ್ಟಿದ ಮಕ್ಕಳು ರಾಗಿ ತೆನೆ, ಹತ್ತಾರು ತರಹದ ಬದನೆಕಾಯಿ, ದೊಡ್ಡ ದೊಡ್ಡ ಎತ್ತುಗಳನ್ನು ಕಣ್ಣೆದುರೇ ನೋಡುತ್ತವೆ. ಇನ್ನು ನಂದಿಬೆಟ್ಟ, ಘಾಟಿ ಸುಬ್ರಹ್ಮಣ್ಯ ಎರಡೂ ಅರ್ಧ ದಿನದಲ್ಲಿ ಹೋಗಿ ಬರುವ ದೂರ.

ಬಂದ ಮೊದಲ ವಾರ ಏನು ಮಾಡಬೇಕು?

ಹಸಿ ಕಸ, ಒಣ ಕಸಕ್ಕೆ ಎರಡು ಡಬ್ಬಿ ಇಡಿ, ಕಸದ ಆಟೊ ಎಷ್ಟು ಹೊತ್ತಿಗೆ ಬರುತ್ತದೆ ತಿಳಿದುಕೊಳ್ಳಿ. ಡೈಪರ್, ಪ್ಯಾಡ್ ಬೇರೆಯಾಗಿ ಸುತ್ತಿ ಕೊಡಿ. ಪೌರಕಾರ್ಮಿಕರು ಕೈಯಲ್ಲಿ ಮುಟ್ಟುವ ಕಸ ಅದು. ಅವರ ಹೆಸರು ಕೇಳಿಕೊಳ್ಳಿ. ವಾಲ್ವ್‌ಮನ್ ನಂಬರ್ ತೆಗೆದುಕೊಳ್ಳಿ.

ಆಮೇಲೆ ಹಾಲು ಉಕ್ಕಿಸುವ ದಿನ ಎಡಗಡೆ ಎರಡು ಮನೆ, ಬಲಗಡೆ ಎರಡು ಮನೆ, ಎದುರಿನ ಮನೆಯವರನ್ನು ಕರೆಯಿರಿ. ದೊಡ್ಡ ಅಡುಗೆ ಬೇಡ, ಒಂದು ಲೋಟ ಕಾಫಿ, ಸ್ವಲ್ಪ ಕೇಸರಿಬಾತ್ ಸಾಕು. ಸಾಮಾನು ಇಳಿಸುವ ದಿನ ನಿಮ್ಮ ಒಲೆ ಇನ್ನೂ ಹತ್ತಿರುವುದಿಲ್ಲ. ಎಷ್ಟು ಜನ ಬರುತ್ತೀರಿ ಅಂತ ಹಿಂದಿನ ದಿನ ಒಂದು ಮಾತು ಹೇಳಿ. ಅವತ್ತಿನ ತಿಂಡಿ ನಮ್ಮ ಮನೆಯಿಂದ ಬರುತ್ತದೆ.